ಗ್ರಂಥವೂ ಮಧ್ಯಸ್ಥನೂ: ಟ್ರಾವೆಲರ್ ಎಂಬ ಆಟದ ಪೂರ್ವೋತ್ತರ

ಆಟವೆಂದೊಡನೆ ಪಗಡೆ, ಚದುರಂಗಗಳು ನಮ್ಮ ನೆನಪಿಗೆ ಬರುವುವು. ಇವುಗಳಲ್ಲಿ ನಿಯಮವೇ ಪ್ರಭು, ಕಾಯಿಗೆ ಮಾತಿಲ್ಲ. ಕಾಯಿಯೇ ಬಾಯಿತೆರೆದು ‘ನಾನು ಆ ಮನೆಗೆ ಹೋಗಲಾರೆ’ ಎಂದರೆ ಆಟದ ಗತಿಯೇನು? ಇಂತಹ ಆಟವೊಂದು ಪಾಶ್ಚಾತ್ಯ ದೇಶಗಳಲ್ಲಿ ಅರ್ಧ ಶತಮಾನದಿಂದ ಪ್ರಚಾರದಲ್ಲಿದೆ. ಕೆಲವರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ತಾವು ಮಾಡುವುದನ್ನು ಬಾಯಿಮಾತಿನಿಂದ ಹೇಳುವರು. ಮಧ್ಯಸ್ಥನು ಅದರ ಫಲವನ್ನು ತಿಳಿಸುವನು. ಸಂದೇಹವುಂಟಾದಲ್ಲಿ ದಾಳವನ್ನು ಉರುಳಿಸುವರು. ಇಲ್ಲಿ ಅಚ್ಚಾದ ಗ್ರಂಥಕ್ಕೂ ಆಡಿಸುವ ಮಧ್ಯಸ್ಥನಿಗೂ ಇರುವ ಸಂಬಂಧವು ಹೇಗೆ ಬೆಳೆದುಬಂದಿತೆಂಬುದನ್ನು ವಾಚಕರ ಮುಂದಿಡುವೆನು.

ಇದರ ಮೂಲವು ಪ್ರಷ್ಯದ ಸೇನೆಯಲ್ಲಿದೆ. ೧೮೨೪ರಲ್ಲಿ ರೈಸ್ವಿಟ್ಸ್ ಎಂಬ ಸೇನಾಧಿಕಾರಿಯು ‘ಕ್ರೀಗ್ಸ್‌ಷ್ಪೀಲ್’, ಎಂದರೆ ಯುದ್ಧಕ್ರೀಡೆ, ಎಂಬುದರ ನಿಯಮಗಳನ್ನು ಪ್ರಕಟಿಸಿದನು. ಭೂಪಟದ ಮೇಲೆ ಉಭಯ ಪಕ್ಷದವರೂ ಸೇನೆಗಳನ್ನು ನಡೆಯಿಸುವರು. ಮಧ್ಯಸ್ಥನು ದಾಳವನ್ನೂ ಕೋಷ್ಟಕವನ್ನೂ ನೋಡಿ ಸಾವುನೋವುಗಳನ್ನು ನಿರ್ಣಯಿಸುವನು. ೧೮೭೬ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾನಿಯು, ಕೋಷ್ಟಕಗಳ ಭಾರವನ್ನು ಕಳೆದು, ಅನುಭವಶಾಲಿಯಾದ ಮಧ್ಯಸ್ಥನ ವಿವೇಕಕ್ಕೇ ನಿರ್ಣಯವನ್ನು ಬಿಡಬೇಕೆಂದು ಪ್ರತಿಪಾದಿಸಿದನು. ಶಾಸ್ತ್ರವು ದೊಡ್ಡದೋ, ಶಾಸ್ತ್ರಜ್ಞನ ವಿವೇಕವು ದೊಡ್ಡದೋ ಎಂಬ ಚರ್ಚೆಯು ಹೀಗೆ ಆಟದೊಳಕ್ಕೂ ಬಂದಿತು.

೧೯೬೯ರಲ್ಲಿ ಅಮೆರಿಕದ ಮಿನೆಸೋಟ ಪ್ರಾಂತದ ಡೇವಿಡ್ ವೆಸ್ಲಿ ಎಂಬಾತನು ‘ಬ್ರೌನ್‌ಸ್ಟೈನ್’ ಎಂಬ ಕಲ್ಪಿತ ಪಟ್ಟಣವೊಂದನ್ನು ಆಟಕ್ಕೆ ತಂದು, ಅಲ್ಲಿಯ ಒಬ್ಬೊಬ್ಬ ವ್ಯಕ್ತಿಯನ್ನು ಒಬ್ಬೊಬ್ಬ ಆಟಗಾರನಿಗೆ ಒಪ್ಪಿಸಿದನು. ಎಲ್ಲವೂ ಗೊಂದಲವಾಯಿತೆಂದು ಆತನು ಖಿನ್ನನಾದನು. ಆಡಿದವರಾದರೋ ಮತ್ತೊಮ್ಮೆ ಆಡಿಸೆಂದು ಕೇಳಿಕೊಂಡರು. ಆ ಬಳಗದ ಡೇವ್ ಆರ್ನೆಸನ್ ಎಂಬಾತನೂ ಗ್ಯಾರಿ ಗೈಗ್ಯಾಕ್ಸ್ ಎಂಬಾತನೂ ಸೇರಿ ೧೯೭೪ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು.

ಅದು ಮಂತ್ರತಂತ್ರಗಳ ಲೋಕ. ನಕ್ಷತ್ರಲೋಕವನ್ನು ವಿಷಯವಾಗುಳ್ಳ ‘ಟ್ರಾವೆಲರ್’ ಎಂಬುದು ೧೯೭೭ರಲ್ಲಿ ಇಲಿನಾಯ್ ಪ್ರಾಂತದಿಂದ ಹೊರಬಂದಿತು. ಮಾರ್ಕ್ ಮಿಲ್ಲರ್ ಎಂಬಾತನು ಇದರ ಕರ್ತೃ. ಕಪ್ಪು ಹೊದಿಕೆಯ ಮೂರು ಕಿರುಹೊತ್ತಗೆಗಳು, ಎರಡು ದಾಳಗಳು: ಇಷ್ಟೇ ಸಾಮಗ್ರಿ. ಪಾತ್ರದ ಪೂರ್ವವೃತ್ತಾಂತವನ್ನು ದಾಳದಿಂದ ಗೊತ್ತುಮಾಡುವಾಗಲೇ, ಆಟ ತೊಡಗುವುದಕ್ಕೆ ಮುಂಚೆ, ಪಾತ್ರವು ಸಾಯುವುದೂ ಉಂಟು! ನೌಕೆಯು ಒಂದು ನಕ್ಷತ್ರದಿಂದ ಮತ್ತೊಂದಕ್ಕೆ ನೆಗೆಯಲು ಸುಮಾರು ಒಂದು ವಾರ ಹಿಡಿಯುವುದು. ಸುದ್ದಿಯೂ ನೌಕೆಗಿಂತ ಬೇಗ ಹೋಗಲಾರದು.

೧೯೮೩ರಲ್ಲಿ ಅದೇ ಪ್ರಕಾಶಕರು ‘ದಿ ಟ್ರಾವೆಲರ್ ಅಡ್ವೆಂಚರ್’ ಎಂಬ ದೀರ್ಘ ಕಥಾಸರಣಿಯನ್ನು ಅಚ್ಚುಹಾಕಿಸಿದರು. ‘ಮಾರ್ಚ್ ಹ್ಯಾರಿಯರ್’ ಎಂಬ ವ್ಯಾಪಾರನೌಕೆಯ ಸಿಬ್ಬಂದಿಯೇ ಆಟಗಾರರು. ‘ಟುಕೇರ’ ಎಂಬ ಪ್ರಬಲ ನೌಕಾಸಂಸ್ಥೆಯು ಪ್ರತಿಪಕ್ಷ. ಒಂದು ಸಣ್ಣ ಪದಕವು ಕಥಾಬೀಜ.

ಮಧ್ಯಸ್ಥನ ಕಷ್ಟವು ಇಲ್ಲಿಯೇ ಮೊದಲಾಗುವುದು. ಪದಕದ ಗೊಡವೆ ನಮಗೇಕೆಂದು ಆಟಗಾರರು ಬೇರೆ ದಿಕ್ಕು ಹಿಡಿದರೆ ಅವನೇನು ಮಾಡಬೇಕು? ಬಲಾತ್ಕಾರದಿಂದ ಎಳೆದುತಂದರೆ ಅವರು ಮರಳಿ ಕಾಯಿಗಳಾಗುವರು. ಗ್ರಂಥವನ್ನು ಬಿಸುಟರೆ ಕಥೆಯೇ ಇಲ್ಲವಾಗುವುದು. ಮೂರನೆಯ ದಾರಿಯು ಆಟದ ನಿಯಮಗಳಲ್ಲಿಯೇ ಇದೆ. ಇಂತಹ ನೌಕೆಯ ಸಾಲದ ಕಂತನ್ನು ಸರಕಾರವು ತೆರುವುದು. ಪ್ರತಿಯಾಗಿ ಒಟ್ಟು ಆದಾಯದಲ್ಲಿ ಅರ್ಧವನ್ನು ಪಡೆದು, ಗೊತ್ತಾದ ಊರುಗಳಿಗೆ ಹೋಗಬೇಕೆಂದು ವಿಧಿಸುವುದು. ಆದಕಾರಣ ಮಧ್ಯಸ್ಥನ ಆಜ್ಞೆಯಲ್ಲ, ಹೊಟ್ಟೆಯ ಪಾಡೇ ಅವರನ್ನು ಹಿಂದಿರುಗಿಸುವುದು. ಪ್ರತಿಪಕ್ಷದವರೂ ಸುಮ್ಮನಿರರು, ಅವರ ಕೃತ್ಯದ ಸುದ್ದಿಯು ಮುಂದಿನ ನೌಕೆಯಲ್ಲಿ ಬರುವುದು. ಗ್ರಂಥವು ಹೇಳುವುದು ಪ್ರಪಂಚದ ಕಾರಣಗಳನ್ನು. ಕಾರ್ಯವನ್ನು ಆರಿಸಿಕೊಳ್ಳುವವರು ಆಟಗಾರರು. ಇಷ್ಟನ್ನು ತಿಳಿದವನೇ ನಿಪುಣನಾದ ಮಧ್ಯಸ್ಥನು.

ನಮ್ಮ ತಾಳಮದ್ದಳೆಯಲ್ಲಿಯೂ ಪ್ರಸಂಗದ ಪದ್ಯವು ಸ್ಥಿರ, ಅರ್ಥಧಾರಿಯ ಮಾತು ಸ್ವತಂತ್ರ. ಆದರೆ ಅಲ್ಲಿ ಕರ್ಣನು ಮಡಿಯುವುದು ನಿಶ್ಚಿತ. ಇಲ್ಲಿ ಅಂತ್ಯವನ್ನು ಯಾರೂ ಅರಿಯರು.

ಬಹುಕಾಲ ಪಾಠ ಹೇಳಿದವನು ನಾನು. ಒಮ್ಮೆ ಹುಡುಗನೊಬ್ಬನು ಪಾಠಕ್ಕೆ ಹೊರಗಾದ ಪ್ರಶ್ನೆಯನ್ನು ಕೇಳಲು, ‘ಪುಸ್ತಕದಲ್ಲಿದ್ದಷ್ಟನ್ನು ಓದು’ ಎಂದು ಕುಳ್ಳಿರಿಸಿದೆನು. ಅವನು ಮತ್ತೆ ನನ್ನನ್ನು ಏನನ್ನೂ ಕೇಳಲಿಲ್ಲ. ಈ ಆಟದ ಚರಿತ್ರೆಯನ್ನು ಓದುವಾಗ ಆ ಹುಡುಗನ ಮುಖವು ನೆನಪಾಯಿತು.