ಉದುರುವುದಕ್ಕೂ ಜೀವ ಬೇಕು

ಕಣ್ಣಿನ ಮೇಲ್ರೆಪ್ಪೆ ಜೋತುಬಿದ್ದವರ ಚೀಟಿಯಲ್ಲಿ ನೇತ್ರವೈದ್ಯರು ‘ಟೋಸಿಸ್’ ಎಂದು ಬರೆಯುತ್ತಾರೆ. ಗ್ರೀಕರ ಬಾಯಲ್ಲಿ ಅದು ‘ಪ್ಟೋಸಿಸ್’, ಅಂದರೆ ಬೀಳುವುದು. ಹಿಂದೆ ‘ಅಪೊ’ ಸೇರಿದರೆ ಕಳಚಿ ಬೀಳುವುದು. ಹಿಪ್ಪೊಕ್ರಟೀಸನ ಹೆಸರಿನಲ್ಲಿ ಉಳಿದಿರುವ ವೈದ್ಯಗ್ರಂಥಗಳಲ್ಲಿ ಕೊಳೆತ ಮೂಳೆ ಕಳಚಿಕೊಳ್ಳುವುದಕ್ಕೆ ‘ಅಪೊಪ್ಟೋಸಿಸ್’ ಎಂಬ ಮಾತಿದೆ. ಮುಂದೆ ವೈದ್ಯ ಗ್ಯಾಲೆನ್ ಅದನ್ನು ಗಾಯದ ಹಕ್ಕಳೆ ಉದುರುವುದಕ್ಕೆ ಬಳಸಿದ. ಮರದ ಎಲೆ, ಹೂವಿನ ಎಸಳು ಉದುರುವುದಕ್ಕೂ ಅದೇ ಪದ.

ನಮಗೆ ಇದು ತೀರಾ ಹೊರಗಿನದೇನಲ್ಲ. ಗ್ರೀಕಿನ ‘ಅಪೊ’ ಮತ್ತು ಸಂಸ್ಕೃತದ ‘ಅಪ’ ಒಡಹುಟ್ಟಿದವು. ‘ಪ್ಟೋಸಿಸ್’ ಹಿಂದಿರುವ ಧಾತು ನಮ್ಮ ‘ಪತ್’ ಧಾತುವಿನ ದಾಯಾದಿ. ಪತನ ಹುಟ್ಟಿದ್ದು ಅದರಿಂದ, ಬಿಲ್ವಪತ್ರೆಯ ಪತ್ರವೂ ಅದರಿಂದಲೇ. ಬೀಳುವುದು, ಹಾರುವುದು ಎರಡೂ ಆ ಧಾತುವಿನ ಹೊಟ್ಟೆಯಲ್ಲಿವೆ. ಗ್ರೀಕಿನಲ್ಲಿ ರೆಕ್ಕೆ ‘ಪ್ಟೆರೊನ್’, ಹೆಲಿಕಾಪ್ಟರಿನ ಬಾಲದಲ್ಲಿರುವುದು ಅದೇ.

ಜೀವಕೋಶಗಳ ಸಾವಿಗೆ ಈ ಹೆಸರು ಅಂಟಿದ್ದು 1972ರಲ್ಲಿ. ಆಸ್ಟ್ರೇಲಿಯಾದ ರೋಗವಿಜ್ಞಾನಿ ಜಾನ್ ಕೆರ್ ಇಲಿಯ ಯಕೃತ್ತಿನಲ್ಲಿ ಕೆಲವು ಕೋಶಗಳು ಊದಿ ಒಡೆಯದೆ, ಮುದುಡಿ ಚೂರುಚೂರಾಗುವುದನ್ನು ಕಂಡಿದ್ದರು. ಉರಿಯೂತವೂ ಇಲ್ಲ, ಗದ್ದಲವೂ ಇಲ್ಲ. ಅಕ್ಕಪಕ್ಕದ ಕೋಶಗಳು ಆ ಚೂರುಗಳನ್ನು ನುಂಗಿಬಿಡುತ್ತಿದ್ದವು. ಅವರು ಮೊದಲು ಇಟ್ಟ ಹೆಸರು ‘ಶ್ರಿಂಕೇಜ್ ನೆಕ್ರೋಸಿಸ್’. ಬಾಯಿಗೂ ಹಿತವಿಲ್ಲ, ‘ನೆಕ್ರೋಸಿಸ್’ ಊದಿ ಒಡೆಯುವ ಸಾವಿನ ಹೆಸರಾದ್ದರಿಂದ ಅರ್ಥಕ್ಕೂ ಹೊಂದುವುದಿಲ್ಲ. ಅಬರ್ಡೀನ್‌ನಲ್ಲಿ ಆಂಡ್ರೂ ವೈಲಿ, ಅಲಸ್ಟೇರ್ ಕರ್ರಿ ಜೊತೆ ಬರೆದ ಲೇಖನಕ್ಕೆ ಅಲ್ಲಿನ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮಾಕ್ ಹಳೆಯ ಪದವೊಂದನ್ನು ಹುಡುಕಿಕೊಟ್ಟರು. ಎರಡನೆಯ ‘ಪ’ ಉಚ್ಚರಿಸಬೇಡಿ, ರೆಪ್ಪೆಯ ‘ಟೋಸಿಸ್’ ಹಾಗೆ ಹೇಳಿ ಎಂಬ ಅಡಿಟಿಪ್ಪಣಿಯೂ ಲೇಖನದಲ್ಲಿತ್ತು. ಹೆಲಿಕಾಪ್ಟರಿನಲ್ಲಿ ‘ಪ’ ನುಡಿಯುವವರು ಇಲ್ಲೇಕೆ ನುಂಗಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ. ನನ್ನ ಮತ ‘ಪ’ ಪರವಾಗಿದೆ. ಕನ್ನಡದಲ್ಲಿ ಬರೆದದ್ದನ್ನು ಓದದೆ ಬಿಡುವ ಚಾಳಿ ಇಲ್ಲ.

ಉದುರುವುದೆಂಬ ಈ ರೂಪಕದ ನಿಜವಾದ ಪರೀಕ್ಷೆ ನಡೆದದ್ದು ಥೈಮಸ್‌ನಲ್ಲಿ. ಎದೆಮೂಳೆಯ ಹಿಂದಿರುವ ಈ ಗ್ರಂಥಿಯಲ್ಲಿ ಸೋಂಕಿನೊಡನೆ ಹೋರಾಡುವ ಟಿ-ಕೋಶಗಳು ಪಳಗುತ್ತವೆ. ಶೇ. 95ಕ್ಕೂ ಹೆಚ್ಚು ಎಳೆಯ ಕೋಶಗಳು ಅಲ್ಲೇ ಸಾಯುತ್ತವೆ. ನಿರುಪಯುಕ್ತವಾದವು ಹೋಗುತ್ತವೆ, ನಮ್ಮ ದೇಹದ ಮೇಲೆಯೇ ತಿರುಗಿಬೀಳಬಲ್ಲವೂ ಹೋಗುತ್ತವೆ. ಈ ಕೋಶಗಳಿಗೆ ಸ್ಟೀರಾಯ್ಡ್ ಸೋಕಿದರೂ ಸಾವು ಶುರುವಾಗುತ್ತದೆ. ಕೋವಿಡ್ ಕಾಲದಲ್ಲಿ ಮನೆಮಾತಾದ ಡೆಕ್ಸಾಮೆಥಾಸೋನ್ ಆ ಗುಂಪಿನದು. ಇಲಿಯ ಥೈಮಸ್ ಕೋಶಗಳಿಗೆ ಸ್ಟೀರಾಯ್ಡ್ ಕೊಟ್ಟು ವೈಲಿ 1980ರಲ್ಲಿ ನೋಡಿದಾಗ, ಕೋಶದೊಳಗಿನ ಕಿಣ್ವವೇ ಡಿಎನ್ಎಯನ್ನು ಅಳತೆ ಹಿಡಿದಂತೆ ಸುಮಾರು 180ರಿಂದ 200 ಜೋಡಿ ಅಕ್ಷರಗಳ, ಇಲ್ಲವೇ ಅದರ ಗುಣಕಗಳ ತುಂಡುಗಳಾಗಿ ಕತ್ತರಿಸಿತ್ತು. ಜೆಲ್ ಮೇಲೆ ಓಡಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು. ಪ್ರಯೋಗಾಲಯದವರು ಈಗಲೂ ಅದನ್ನು ‘ಲ್ಯಾಡರ್’ ಎನ್ನುತ್ತಾರೆ.

1984ರ ಹೊತ್ತಿಗೆ ಇನ್ನೊಂದು ಸಂಗತಿ ಹೊರಬಿತ್ತು. ಹೊಸ ಪ್ರೋಟೀನ್ ತಯಾರಾಗದಂತೆ ತಡೆಯುವ ಸೈಕ್ಲೊಹೆಕ್ಸಿಮೈಡ್ ಎಂಬ ವಿಷವನ್ನು ಸ್ಟೀರಾಯ್ಡ್ ಜೊತೆಗೆ ಬೆರೆಸಿದರೆ ಥೈಮಸ್ ಕೋಶಗಳು ಹೀಗೆ ಸಾಯುತ್ತಿರಲಿಲ್ಲ! ವಿಷ ಉಂಡ ಕೋಶ ಉಳಿಯಿತು. ಕೆಲವು ರಕ್ತಕ್ಯಾನ್ಸರ್ ಕೋಶಗಳಲ್ಲಿ ಇದೇ ಸೈಕ್ಲೊಹೆಕ್ಸಿಮೈಡ್ ಸಾವನ್ನು ತಡೆಯುವ ಬದಲು ತರುತ್ತದೆ, ಆದ್ದರಿಂದ ಇದು ಎಲ್ಲ ಕೋಶಗಳಿಗೂ ಸಲ್ಲುವ ನಿಯಮವಲ್ಲ. ಆದರೂ ಥೈಮಸ್‌ನ ಮಟ್ಟಿಗೆ ಸಾಯುವುದು ಒಂದು ಕೆಲಸ, ಅದಕ್ಕೆ ಕೈಕಾಲು ಆಡುತ್ತಿರಬೇಕು ಎಂದಾಯಿತು.

ಗಾಳಿಗೆ ಮುರಿದು ನೇತಾಡುವ ಹಲಸಿನ ಕೊಂಬೆಯನ್ನು ನೋಡಿ. ಅದರ ಎಲೆಗಳು ಕಂದಾಗಿ ಗರಿಗರಿಯಾದರೂ ಬಹುದಿನ ಅಲ್ಲೇ ಅಂಟಿಕೊಂಡಿರುತ್ತವೆ. ಜೀವಂತ ಕೊಂಬೆಯದಾದರೆ ತೊಟ್ಟಿನ ಬುಡದ ಕೋಶಗಳು ಕಿಣ್ವ ಸುರಿಸಿ ತಮ್ಮ ನಡುವಿನ ಬೆಸುಗೆಯನ್ನು ಕರಗಿಸಿ ಎಲೆಯನ್ನು ಬಿಟ್ಟುಕೊಡುತ್ತವೆ. ಕಾರ್ಮಾಕ್ ಆರಿಸಿದ ಪದ, ಅದನ್ನು ಬೇಡಿದವರು ಎಣಿಸಿದ್ದಕ್ಕಿಂತಲೂ ಚೆನ್ನಾಗಿ ಕೂತಿದೆ.

ಮುಂದೆ ಕೋಶದ ಸಾವನ್ನು ತಡೆಯುವ ಪ್ರೋಟೀನೂ ಸಿಕ್ಕಿತು. ಬಿಸಿಎಲ್-2 ಎಂಬುದು ಲಿಂಫೋಮಾ ಎಂಬ ಕ್ಯಾನ್ಸರಿನ ಕೆಲವು ಬಗೆಗಳಲ್ಲಿ ಮಿತಿಮೀರಿ ತಯಾರಾಗಿ, ಸಾಯಬೇಕಾದ ಬಿ-ಕೋಶಗಳನ್ನು ಉಳಿಸಿಕೊಳ್ಳುತ್ತದೆ. ಅದು ಸಾವನ್ನು ತಡೆಯುತ್ತದೆ ಎಂದು ಮೆಲ್ಬರ್ನ್‌ನಲ್ಲಿ 1988ರಲ್ಲಿ ತಿಳಿಯಿತು. ಅದರ ಹಿಡಿತ ಬಿಡಿಸುವ ವೆನೆಟೊಕ್ಲಾಕ್ಸ್ ಮಾತ್ರೆಗೆ ಅಮೆರಿಕ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ.

ಈ ನಡುವೆ ‘ಅಪೊಪ್ಟೋಸಿಸ್’ ಪದದ ಬಾಲ ತುಂಡಾಗಿ ಬೇರೆ ಸಂಸಾರ ಹೂಡಿತ್ತು. 2001ರಲ್ಲಿ ‘ಪೈರೊಪ್ಟೋಸಿಸ್’, 2005ರಲ್ಲಿ ‘ನೆಕ್ರೊಪ್ಟೋಸಿಸ್’, 2012ರಲ್ಲಿ ಕಬ್ಬಿಣದ ನೆರವಿನಿಂದಾಗುವ ‘ಫೆರೊಪ್ಟೋಸಿಸ್’, 2022ರಲ್ಲಿ ತಾಮ್ರದ ‘ಕುಪ್ರೊಪ್ಟೋಸಿಸ್’. ಪೈರೊಪ್ಟೋಸಿಸ್‌ನಲ್ಲಿ ಸೋಂಕು ತಗಲಿದ ಮ್ಯಾಕ್ರೊಫೇಜ್ ಕೋಶದ ಪೊರೆಗೆ ಗ್ಯಾಸ್‌ಡರ್ಮಿನ್ ಪ್ರೋಟೀನು ತೂತು ಕೊರೆಯುತ್ತದೆ. ಕೋಶ ಊದಿ ಒಡೆದು ಸುತ್ತಲೂ ಉರಿ ಹಬ್ಬಿಸುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಈ ತೂತನ್ನು ತಡೆಯಬಲ್ಲದೆಂದು 2020ರಲ್ಲಿ ವರದಿಯಾಯಿತು. ಔಷಧಿಯ ಮಟ್ಟಿಗೆ ಒಳ್ಳೆಯ ಸುದ್ದಿ. ಆದರೆ ಸಿಡಿದು ಹೋಗುವ ಕೋಶಕ್ಕೂ ‘ಉದುರಿತು’ ಎನ್ನುವ ಬಾಲವನ್ನೇ ಹಚ್ಚಿದ್ದು ಗ್ಯಾಲೆನ್‌ಗೆ ಒಪ್ಪಿಗೆಯಾಗುತ್ತಿತ್ತೇ ಎಂಬುದು ಅನುಮಾನ.