ಧ್ವನಿಯ ಲಿಪಿಕಾರನ ಧರ್ಮ

ಗ್ರಂಥಕರ್ತನಿಗೆ ಸಲ್ಲುವ ಗೌರವ ಅದನ್ನು ಪ್ರತಿ ಮಾಡಿದ ಲಿಪಿಕಾರನಿಗೆ ಸಲ್ಲುವುದು ಅಪರೂಪ. ಆದರೂ ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ಇಂದಿಗೂ ಸ್ಮರಿಸುತ್ತೇವೆ. ಮೂಡಬಿದಿರೆಯ ತಾಳೆಗರಿಗಳಲ್ಲಿದ್ದ ಧವಲಾ ಟೀಕೆಯು ಪ್ರತಿಗಳ ಮೂಲಕವೇ ಹೊರಬಂದು, ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಅಚ್ಚಾಗತೊಡಗಿತು. ಪ್ರತಿ ಮಾಡುವುದೇ ರಕ್ಷಣೆ ಎಂಬುದು ಈ ಇತಿಹಾಸದ ಪಾಠ.

ನಮ್ಮ ಕಾಲದಲ್ಲಿ ಧ್ವನಿಗೂ ಲಿಪಿಕಾರನು ಬೇಕಾಗಿದ್ದಾನೆ. ನಮ್ಮ ತಿಕೋಟಾ ಭಾಗದ ಬಿಜ್ಜರಗಿಯಲ್ಲಿ ಜನಿಸಿದ, ವಿಜಯಪುರ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ದೇಹವಿಟ್ಟರು. ತಮಗೆ ಸ್ಮಾರಕ ಬೇಡವೆಂದು ಅವರು ಮೊದಲೇ ಬರೆದಿಟ್ಟಿದ್ದರು. ಅಂಥವರ ವಿಷಯದಲ್ಲಿ ಉಳಿಯತಕ್ಕದ್ದು ನುಡಿಯೊಂದೇ. ಆದರೆ ಮುದ್ರಿತವಾದ ನುಡಿಯ ಆಯುಷ್ಯವು ಅದನ್ನು ಹೊತ್ತ ವಸ್ತುವಿನ ಆಯುಷ್ಯವನ್ನು ಅವಲಂಬಿಸಿದೆ.

ಇದಕ್ಕೆ ಡಿಜಿಟಲ್ ಆಡಿಯೊ ಟೇಪು, ಅಂದರೆ ಡ್ಯಾಟ್, ಒಳ್ಳೆಯ ನಿದರ್ಶನ. ಜಪಾನಿನ ಸೋನಿ ಸಂಸ್ಥೆಯು 1987ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳ ಅಂಕಿಯಾಗಿ, ನಾಲ್ಕು ಮಿಲಿಮೀಟರಿಗೂ ಕಿರಿದಾದ ಪಟ್ಟಿಯ ಮೇಲೆ ಬರೆಯುವ ವಿಧಾನವದು. ಸ್ಟುಡಿಯೊಗಳೂ ಸಂಶೋಧಕರೂ ಅದನ್ನು ನಂಬಿದರು. 2005ರಲ್ಲಿ ಸೋನಿಯು ಅದರ ಯಂತ್ರಗಳ ತಯಾರಿಕೆಯನ್ನೇ ನಿಲ್ಲಿಸಿತು. ತಾಳೆಗರಿ ಶತಮಾನಗಳನ್ನು ದಾಟಿತು. ಡ್ಯಾಟ್ ಯಂತ್ರಕ್ಕೆ ಎರಡು ದಶಕಗಳೂ ತುಂಬಲಿಲ್ಲ. ಓದುವ ಯಂತ್ರವಿಲ್ಲದ ಟೇಪು, ಲಿಪಿ ಬಲ್ಲವರಿಲ್ಲದ ಓಲೆಗರಿಯಂತೆ.

ಆದ್ದರಿಂದ ಸುಸ್ಥಿತಿಯ ಯಂತ್ರ ದೊರೆತಾಗಲೇ ಅದರ ಡಿಜಿಟಲ್ ತಂತಿಯನ್ನು ಕಂಪ್ಯೂಟರಿಗೆ ಜೋಡಿಸಿ, ಅಂಕಿಗಳನ್ನು ಅಂಕಿಗಳಾಗಿಯೇ ಇಳಿಸಿಕೊಳ್ಳಬೇಕು. ಸಾಮಾನ್ಯವಾಗಿ ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಸುಮಾರು 69 ಕೋಟಿ ಬೈಟ್‌ಗಳಷ್ಟು ಜಾಗವೂ ಬೇಕು.

ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಟೇಪು ಸವೆದಲ್ಲಿ ಯಂತ್ರವು ಸಣ್ಣ ತಪ್ಪುಗಳನ್ನು ಕರಾರುವಾಕ್ಕಾಗಿ ತಿದ್ದಬಲ್ಲುದು. ಹಾನಿ ಹೆಚ್ಚಾದರೆ ಅಕ್ಕಪಕ್ಕದ ಅಂಕಿಗಳನ್ನು ನೋಡಿ ನಡುವಿನದನ್ನು ಅಂದಾಜಿನಿಂದ ತುಂಬುತ್ತದೆ. ಕೇಳುವವನಿಗೆ ಅದು ತಿಳಿಯದೆಯೂ ಹೋಗಬಹುದು. ಕಿರ್ದಿಯಲ್ಲಿ ಅಳಿಸಿಹೋದ ಮೊತ್ತವನ್ನು ಅಂದಾಜಿನಿಂದ ಬರೆದ ಗುಮಾಸ್ತನು, ಪಕ್ಕದಲ್ಲಿ ಹಾಗೆಂದು ಷರಾ ಹಾಕದಿದ್ದರೆ ನಾವು ಒಪ್ಪುವೆವೇ? ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಯಂತ್ರದ ಅಂದಾಜು ದೋಷವಲ್ಲ. ಅದನ್ನು ಬಲ್ಲವನು ಮರೆಮಾಚುವುದು ದೋಷ.

ಯಾವ ಟೇಪು, ಯಾವ ಯಂತ್ರ, ಯಾವ ದಿನ, ಎಷ್ಟನೆಯ ನಿಮಿಷದಲ್ಲಿ ದೋಷ ಕಂಡಿತು ಎಂಬುದನ್ನು ಪ್ರತಿಯೊಡನೆ ಬರೆದಿಡಬೇಕು. ಇಳಿಸಿಕೊಂಡ ಮೊದಲ ಪ್ರತಿಯನ್ನು ಮುಟ್ಟದೆ ಇಟ್ಟು, ಗದ್ದಲ ತೆಗೆದು ಇಂಪುಗೊಳಿಸುವುದನ್ನು ಎರಡನೆಯ ಪ್ರತಿಯಲ್ಲಿ ಮಾಡಬೇಕು. ಮೂಲ ಟೇಪನ್ನೂ ಬಿಸಾಡದೆ, ನಮ್ಮ ಬೇಸಿಗೆಯ ಬಿಸಿಲು ತಾಗದ ಒಣ ಸ್ಥಳದಲ್ಲಿ ಕಾಪಾಡಬೇಕು. ಹಿರಿಯರ ಧ್ವನಿ ನಮ್ಮ ಸ್ವತ್ತಲ್ಲ, ನಮ್ಮಲ್ಲಿಟ್ಟ ನ್ಯಾಸ. ನ್ಯಾಸವನ್ನು ಕೂಡಿಸದೆ ಕಳೆಯದೆ ಮುಂದಿನವರಿಗೆ ಒಪ್ಪಿಸುವುದೇ ಶ್ರಾವಕನ ಕರ್ತವ್ಯ.