ರಾಗಿ ಹೊಲಕ್ಕೆ ಬಂದ ನೀಲಗಿರಿ

ದೊಡ್ಡಬಳ್ಳಾಪುರ ಸೀಮೆಯ ರಾಜಘಟ್ಟದಲ್ಲಿ 2001ರ ಉತ್ಖನನ ಬೌದ್ಧ ಚೈತ್ಯ, ವಿಹಾರಗಳನ್ನು ಹೊರತೆಗೆಯಿತು. ಈ ಸೀಮೆಯ ನೆಲದ ಮೇಲಿನ ಚರಿತ್ರೆಯೂ ಓದಬೇಕಾದದ್ದೇ.

ಆಸ್ಟ್ರೇಲಿಯಾದ ನೀಲಗಿರಿಯನ್ನು ಟಿಪ್ಪು ಸುಲ್ತಾನ್ ಸುಮಾರು 1790ರಲ್ಲಿ ನಂದಿಬೆಟ್ಟದ ತೋಟಕ್ಕೆ ತರಿಸಿದನೆಂದು ಹೇಳುತ್ತಾರೆ. ಆಗ ಅದು ತೋಟದ ಅಪರೂಪ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಬಯಲುಸೀಮೆಯ ರಾಗಿ ಹೊಲಗಳೇ ನೀಲಗಿರಿ ತೋಪುಗಳಾದವು. ಕೂಲಿಯಾಳು ಬೇಡ, ದನ ಮೇಯುವುದಿಲ್ಲ, ಕಾಗದದ ಕಾರ್ಖಾನೆಗೆ ಮಾರಾಟ ಖಚಿತ. ರೈತ ಒಪ್ಪಿದ್ದರಲ್ಲಿ ಅಚ್ಚರಿಯಿಲ್ಲ.

ಬೆಲೆ ತೆತ್ತದ್ದು ನೆಲ. ತೋಪಿನೊಳಗೆ ಕಾಲಿಟ್ಟರೆ ಎಣ್ಣೆಯ ವಾಸನೆಯ ಒಣ ಎಲೆಗಳು ಚರಚರ ಎನ್ನುತ್ತವೆ. ಅವುಗಳಡಿ ಹುಲ್ಲು ವಿರಳ. ತಂಗಡಿ, ಕಾರೆ, ಕವಳೆ ಬೆಳೆಯುತ್ತಿದ್ದ ಜಾಗಗಳಿಗೆ ಲಂಟಾನವೂ ಕಾಂಗ್ರೆಸ್ ಗಿಡವೂ ನುಗ್ಗಿದವು. ಕಾಂಗ್ರೆಸ್ ಗಿಡ ತಿನ್ನುವ ಮೆಕ್ಸಿಕೋ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆಗಳನ್ನು ಬೋಳಿಸುತ್ತದೆ, ಆದರೂ ಗಿಡ ಇನ್ನೂ ಹೋಗಿಲ್ಲ.

ಪ್ರತಿಭಟನೆಯೂ ನಡೆದಿತ್ತು. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಸರ್ಕಾರಿ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಹುಣಸೆ, ಮಾವಿನ ಬೀಜ ಹಾಕಿದರು. ಆ ರೈತರ ಮಾತನ್ನು ಅಂದೇ ಕೇಳಬೇಕಿತ್ತು. ಹೊಸ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಹಳೆಯ ಬೊಡ್ಡೆಗಳು ಮಾತ್ರ ಕಡಿದಷ್ಟೂ ಚಿಗುರುತ್ತವೆ. ಬೇರುಸಹಿತ ತೆಗೆಯಲು ಜೆಸಿಬಿಯೇ ಬೇಕು, ಅದರ ಬಾಡಿಗೆ ಸಣ್ಣ ಹಿಡುವಳಿದಾರನಿಗೆ ಭಾರ.